ಸಂಗೀತ ಸಭೆಯಲ್ಲಿ ಶರಣರ ವಚನ

ಗದುಗಿನ ಶ್ರೀ ವೀರೇಶ್ವರ ಪುಣ್ಯಾಶ್ರಮದಲ್ಲಿ ಲಿಂಗೈಕ್ಯ ಪಂಚಾಕ್ಷರ ಗವಾಯಿಗಳವರ ಪುಣ್ಯಸ್ಮರಣೆಯ ನಿಮಿತ್ತ ವರ್ಷಂಪ್ರತಿ ಜರುಗುವ ಸಂಗೀತೋತ್ಸವವು ನಾಡಿನ ಇತರ ಸಂಗೀತ ಸಭೆಗಳಿಗಿಂತ ಒಂದು ಬಗೆಯಲ್ಲಿ ಭಿನ್ನವಾದುದು. ಅಲ್ಲಿ ನೆರೆಯುವ ಶ್ರೋತೃಗಳಲ್ಲಿ ರಾಗಲಕ್ಷಣ ಬಲ್ಲ ರಸಿಕರಿರುವಂತೆಯೇ, ಸಂಗೀತಶಾಸ್ತ್ರದ ಗಂಧವಿಲ್ಲದ, ಗುರುಭಕ್ತಿಯೊಂದರಿಂದಲೇ ಬಂದು ಕುಳಿತ ಹಳ್ಳಿಯ ಜನರೂ ಬಹು ಸಂಖ್ಯೆಯಲ್ಲಿರುತ್ತಾರೆ. ಗಾಯಕರು ತಂಬೂರಿಯ ಶ್ರುತಿಗೆ ದನಿಗೂಡಿಸಿ ವಿಲಂಬಿತ ಏಕತಾಳದಲ್ಲಿ ಖ್ಯಾಲನ್ನು ಆರಂಭಿಸಿದರೆ ಇವರು ಮೌನದಿಂದ ಕೇಳುತ್ತಾರೆ. ಅದರ ಮಾತು ವ್ರಜಭಾಷೆಯದು, ತಮ್ಮದಲ್ಲ ಎಂಬುದನ್ನು ಬಲ್ಲವರಾದುದರಿಂದ ಅರ್ಥವನ್ನು ಹುಡುಕಲು ಹೋಗುವುದಿಲ್ಲ. ಆದರೆ ಖ್ಯಾಲು ಮುಗಿದು, ತಬಲೆಯ ಠೇಕಾ ಬದಲಾಗಿ, ಕನ್ನಡದ ವಚನವೊಂದು ಗಾಯಕರ ಕಂಠದಿಂದ ಹೊರಟಿತೆಂದರೆ ಸಭೆಯಲ್ಲಿ ಚಲನೆಯೊಂದು ಕಾಣುತ್ತದೆ. ಒರಗಿ ಕುಳಿತವರು ನೆಟ್ಟಗಾಗುತ್ತಾರೆ. ತಮಗೆ ತಿಳಿದ ಮಾತು ಬಂದಿತೆಂಬ ಸಂತೋಷ ಅದು.

ಈ ಸಂತೋಷದಲ್ಲಿಯೇ ಒಂದು ಅಪಾಯವೂ ಅಡಗಿದೆ. ತಿಳಿಯದ ಮಾತನ್ನು ಕೇಳುವವನು ಎಚ್ಚರದಿಂದಿರುತ್ತಾನೆ. ತಿಳಿದ ಮಾತೆಂದು ಬಗೆದವನು ಅರ್ಧ ಕೇಳಿ ತಲೆದೂಗುತ್ತಾನೆ. ವಚನವಾದರೋ ಅರ್ಧ ಕೇಳುವ ಬರಹವಲ್ಲ. ಅದರ ಮೊದಲರ್ಧವು ಹೇಳಿದ್ದನ್ನು ಎರಡನೆಯ ಅರ್ಧವು ಅಲ್ಲಗಳೆಯುವುದುಂಟು. ಅಂಕಿತದವರೆಗೆ ಕಾಯ್ದಿಟ್ಟ ಗುಟ್ಟು ಅಂಕಿತದಲ್ಲಿ ಒಡೆಯುವುದುಂಟು. ಆದುದರಿಂದ ಇಂತಹ ಉತ್ಸವಗಳಲ್ಲಿ ಹೆಚ್ಚಾಗಿ ಕೇಳಿಬರುವ, ಕೇಳಿಬರಬೇಕಾದ ಕೆಲವು ವಚನಗಳ ಒಳಗನ್ನು ಮುಂಚಿತವಾಗಿ ಅರಿತಿರುವುದು ಭಕ್ತರಿಗೂ ಸಾಹಿತ್ಯದ ವಿದ್ಯಾರ್ಥಿಗಳಿಗೂ ಅವಶ್ಯಕವಾಗಿದೆ.

ವಚನವು ಖ್ಯಾಲಿನ ಸಭೆಯನ್ನು ಪ್ರವೇಶಿಸಿದ ಬಗೆಯನ್ನು ಮೊದಲು ಸಂಕ್ಷೇಪವಾಗಿ ನೋಡಬಹುದು. ಹಾನಗಲ್ಲ ಶ್ರೀ ಕುಮಾರಸ್ವಾಮಿಗಳವರು (1867–1930) 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದುದು ಸರ್ವವಿದಿತ. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯ ಅಂಧ ಬಾಲಕನೊಬ್ಬನಲ್ಲಿದ್ದ ನಾದಸಂಸ್ಕಾರವನ್ನು ಗುರುತಿಸಿ, ಆತನಿಗೆ ಆಶ್ರಯವಿತ್ತು ವಿದ್ಯೆ ಕಲಿಸಿದವರೂ ಅವರೇ. ಆ ಬಾಲಕನೇ ಮುಂದೆ ಪಂಚಾಕ್ಷರ ಗವಾಯಿಗಳೆಂದು (1892–1944) ವಿಖ್ಯಾತನಾದನು. ಕರ್ನಾಟಕ ಪದ್ಧತಿಯನ್ನು ಮೊದಲು ಕಲಿತು, ಅನಂತರ ನೀಲಕಂಠ ಬುವಾ ಮಿರಜಕರ ಅವರಿಂದ ಹಿಂದುಸ್ತಾನಿ ಪದ್ಧತಿಯನ್ನು ಪಡೆದ ಈ ಮಹನೀಯರು ಅಂಧರಿಗೂ ಅನಾಥರಿಗೂ ಅನ್ನ ಮತ್ತು ನಾದ ಎರಡನ್ನೂ ನೀಡುವ ಆಶ್ರಮವನ್ನು ಕಟ್ಟಿ ಬೆಳೆಸಿದರು. ಮಕ್ಕಳ ಹೊಟ್ಟೆ ಹೊರೆಯುವುದಕ್ಕಾಗಿ ನಾಟಕ ಮಂಡಳಿಯನ್ನೂ ನಡೆಸಬೇಕಾಯಿತು. ಅವರ ತರುವಾಯ ಪುಟ್ಟರಾಜ ಗವಾಯಿಗಳು (1914–2010) ಆ ಭಾರವನ್ನು ಆರೂವರೆ ದಶಕಗಳ ಕಾಲ ಹೊತ್ತರು. ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಮೊದಲಾದವರು ಪಂಚಾಕ್ಷರ ಗವಾಯಿಗಳವರ ಶಿಷ್ಯಪರಂಪರೆಯವರೇ. ಇತ್ತ ಧಾರವಾಡದ ಮಲ್ಲಿಕಾರ್ಜುನ ಮನಸೂರ (1910–1992) ಅವರು ಅದೇ ನೀಲಕಂಠ ಬುವಾ ಅವರಲ್ಲಿ ಅಡಿಗಲ್ಲು ಹಾಕಿಸಿಕೊಂಡು, ಮಂಜಿಖಾನ್ ಮತ್ತು ಭುರ್ಜಿಖಾನ್ ಅವರಿಂದ ಜಯಪುರ-ಅತ್ರೌಲಿ ಘರಾಣೆಯ ವಿದ್ಯೆಯನ್ನು ಪಡೆದವರು. ಬೇರೆಯವರು ಮುಟ್ಟಲು ಅಂಜುವ ಅಪ್ರಚಲಿತ ರಾಗಗಳನ್ನು ಹಾಡುತ್ತಿದ್ದ ಆ ಕಂಠವೇ ವಚನಗಳನ್ನೂ ಹಾಡಿ ಅವಕ್ಕೆ ಸಭಾಗೌರವವನ್ನು ತಂದಿತು. ಇದೇ ಕಾಲದಲ್ಲಿ ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ವು 1923ರಲ್ಲಿ ಅಚ್ಚಾಗಿ ಹೊರಬಂದು, ಓಲೆಗರಿಗಳಲ್ಲಿದ್ದ ವಚನಗಳು ಜನರ ಕೈಗೆ ದೊರೆತುದನ್ನೂ ಇಲ್ಲಿ ನೆನೆಯಬೇಕು. ಪಾಠ ದೊರೆಯದಿದ್ದರೆ ಗಾಯನಕ್ಕೆ ಆಧಾರವೆಲ್ಲಿಯದು?

ಇಷ್ಟನ್ನು ಹೇಳಿದ ಮೇಲೆ ಒಂದು ಭ್ರಮೆಯನ್ನು ಕಳೆಯುವುದು ಲೇಸು. ಭೈರವಿಯಲ್ಲಿಯೋ ಯಮನದಲ್ಲಿಯೋ ವಚನವನ್ನು ಕೇಳಿದ ಭಕ್ತರು, ಬಸವಣ್ಣನವರೂ ಕಲ್ಯಾಣದಲ್ಲಿ ಹೀಗೆಯೇ ಹಾಡುತ್ತಿದ್ದರೆಂದು ಭಾವಿಸುವುದುಂಟು. ಖ್ಯಾಲ್ ಪದ್ಧತಿಯು ಹನ್ನೆರಡನೆಯ ಶತಮಾನಕ್ಕೆ ಬಹಳ ಈಚಿನದು. ಆ ಕಾಲಕ್ಕೆ ಸಮೀಪವಾದ ಶಾರ್ಙ್ಗದೇವನ ‘ಸಂಗೀತರತ್ನಾಕರ’ದಲ್ಲಿ ಹೇಳಿದ ರಾಗಗಳಿಗೂ ಇಂದು ಅವೇ ಹೆಸರಿನಿಂದ ಹಾಡುವ ರಾಗಗಳಿಗೂ ಸ್ವರೂಪದಲ್ಲಿ ಅಂತರವಿದೆ. ಶರಣರು ಹಾಡುತ್ತಿರಲಿಲ್ಲವೆಂದು ಇದರ ಅರ್ಥವಲ್ಲ. ಹರಿಹರನ ರಗಳೆಗಳಲ್ಲಿ ಶರಣರು ಹಾಡಿ ಶಿವನನ್ನು ಒಲಿಸುವ ಪ್ರಸಂಗಗಳು ಅನೇಕ. ಪಾಲ್ಕುರಿಕೆ ಸೋಮನಾಥನು ತೆಲುಗಿನ ‘ಪಂಡಿತಾರಾಧ್ಯ ಚರಿತ್ರ’ದಲ್ಲಿ ರಾಗಗಳ, ವೀಣಾಭೇದಗಳ ಹೆಸರುಗಳನ್ನು ಸಾಲುಸಾಲಾಗಿ ಕೊಟ್ಟಿದ್ದಾನೆ. ಕಿನ್ನರಿಯನ್ನು ನುಡಿಸುತ್ತಿದ್ದ ಕಾರಣದಿಂದಲೇ ಕಿನ್ನರಿ ಬೊಮ್ಮಯ್ಯನೆಂಬ ಹೆಸರನ್ನು ಪಡೆದ ಶರಣನು ಬಸವಣ್ಣನವರ ಸಮಕಾಲೀನನು. ನಾದವು ಶರಣರಿಗೆ ಪರಕೀಯವಲ್ಲ; ಇಂದಿನ ರಾಗಸಂಯೋಜನೆ ಮಾತ್ರ ಇಂದಿನವರದು, ಅದರ ಗುಣದೋಷಗಳೂ ಇಂದಿನವರವೇ.

ಪ್ರಸ್ತುತಕ್ಕೆ ಬರೋಣ. ಖ್ಯಾಲಿನ ಚೀಜು ಎಂದರೆ ಎರಡು ಭಾಗಗಳ ಚಿಕ್ಕ ಪದ್ಯ. ಮೊದಲನೆಯದು ಸ್ಥಾಯಿ, ಎರಡನೆಯದು ಅಂತರಾ. ಸ್ಥಾಯಿಯು ಮಂದ್ರ-ಮಧ್ಯ ಸ್ವರಗಳಲ್ಲಿ ಸುಳಿದಾಡುತ್ತದೆ. ಅಂತರಾ ತಾರ ಷಡ್ಜದ ಕಡೆಗೆ ಏರುತ್ತದೆ. ಗಾಯಕನು ಎಷ್ಟು ವಿಸ್ತಾರ ಮಾಡಿದರೂ, ಎಷ್ಟು ತಾನುಗಳನ್ನು ತೆಗೆದರೂ, ಮರಳಿ ಸ್ಥಾಯಿಯ ಮುಖಕ್ಕೆ ಬಂದು ತಾಳದ ಸಮ್ಮಿನ ಮೇಲೆ ನಿಲ್ಲಬೇಕು. ಒಂದು ಸಭೆಯಲ್ಲಿ ಆ ಮುಖವು ಐವತ್ತು ಸಲ ಬರಬಹುದು. ಖ್ಯಾಲಿನಲ್ಲಿ ಇದರಿಂದ ಹಾನಿಯಿಲ್ಲ. ಅಲ್ಲಿಯ ಮಾತು ಸ್ವರಗಳನ್ನು ತೂಗುಹಾಕುವ ಗೂಟವಿದ್ದಂತೆ.

ವಚನಕ್ಕೆ ಪಲ್ಲವಿಯಿಲ್ಲ. ಅದು ಗದ್ಯವೂ ಅಲ್ಲ, ಪದ್ಯವೂ ಅಲ್ಲ ಎನ್ನುವುದು ವಾಡಿಕೆ. ಲಯವುಳ್ಳ ಗದ್ಯವೆಂದರೆ ಸತ್ಯಕ್ಕೆ ಹೆಚ್ಚು ಸಮೀಪ. ಒಂದು ಸಾಲು ನಾಲ್ಕು ಪದಗಳದ್ದಾದರೆ ಮುಂದಿನದು ಹನ್ನೆರಡು ಪದಗಳದ್ದಾಗಬಹುದು. ಇದನ್ನು ಆರು ಮಾತ್ರೆಯ ದಾದರಾ, ಎಂಟು ಮಾತ್ರೆಯ ಕೇರವಾ, ಏಳು ಮಾತ್ರೆಯ ರೂಪಕಗಳಲ್ಲಿ ಕೂರಿಸಬೇಕಾದಾಗ, ಸಂಯೋಜಕನು ಒಂದು ಸಾಲನ್ನು ಮರಳಿ ಮರಳಿ ಬರುವ ಮುಖವನ್ನಾಗಿ ಆರಿಸಿಕೊಳ್ಳಲೇಬೇಕು. ಅಭ್ಯಾಸಬಲದಿಂದ ಬಹುಮಂದಿ ಮೊದಲ ಸಾಲನ್ನೇ ಆರಿಸಿಕೊಳ್ಳುತ್ತಾರೆ. ವಚನದ ಭವಿಷ್ಯವು ಈ ಆಯ್ಕೆಯಲ್ಲಿದೆ. ಸಾಮಾನ್ಯ ಶ್ರೋತೃವು ಮನೆಗೆ ಒಯ್ಯುವುದು ಐವತ್ತು ಸಲ ಕೇಳಿದ ಸಾಲನ್ನೇ ಹೊರತು ಒಂದು ಸಲ ಕೇಳಿದ ಸಾಲನ್ನಲ್ಲ.

ಸಂಗೀತವನ್ನೇ ವಸ್ತುವಾಗಿ ಉಳ್ಳ ಬಸವಣ್ಣನವರ ಮೂರು ವಚನಗಳನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಸಂಗೀತೋತ್ಸವಕ್ಕೆ ಇವುಗಳಿಗಿಂತ ಉಚಿತವಾದ ವಚನಗಳಿಲ್ಲ. ಇವುಗಳಷ್ಟು ಎಡವಟ್ಟಿಗೆ ಸಿಕ್ಕುವ ವಚನಗಳೂ ಇಲ್ಲ.

ಮೊದಲನೆಯದರಲ್ಲಿ, ಶಿವನಿಗೆ ನಾದವೆಂದರೆ ಪ್ರೀತಿ ಎಂಬ ಜನಜನಿತ ನಂಬಿಕೆಯನ್ನೂ, ವೇದವೆಂದರೆ ಪ್ರೀತಿ ಎಂಬ ಪಂಡಿತರ ನಂಬಿಕೆಯನ್ನೂ ಬಸವಣ್ಣನವರು ಒಂದೊಂದಾಗಿ ಎತ್ತಿಕೊಂಡು ನಿರಾಕರಿಸುತ್ತಾರೆ. ಅದಕ್ಕೆ ಇಬ್ಬರನ್ನು ಸಾಕ್ಷಿ ಕರೆಯುತ್ತಾರೆ. ನಾದದಿಂದ ಶಿವನನ್ನು ಮೆಚ್ಚಿಸಹೋದ ರಾವಣನಿಗೆ ಆಯುಷ್ಯವು ಅರ್ಧಕ್ಕೆ ನಿಂತಿತು. ವೇದವನ್ನು ಓದಿದ ಬ್ರಹ್ಮನಿಗೆ ಒಂದು ತಲೆಯೇ ಹೋಯಿತು. ಶಿವನು ಒಲಿಯುವುದು ಭಕ್ತಿಗೆ ಮಾತ್ರ ಎಂಬುದು ಕೊನೆಯ ನಿರ್ಣಯ. ಈ ವಚನದ ಆರಂಭವು ಬಸವಣ್ಣನವರ ಅಭಿಪ್ರಾಯವಲ್ಲ, ಪೂರ್ವಪಕ್ಷ. ಲೋಕದವರು ಹೀಗೆನ್ನುತ್ತಾರೆಂದು ಮುಂದಿಟ್ಟು ಮುಂದೆ ಖಂಡಿಸುವ ಮಾತು ಅದು. ಸಂಯೋಜಕನು ಆ ಮೊದಲ ಮಾತನ್ನಷ್ಟೇ ಸ್ಥಾಯಿಯ ಮುಖವನ್ನಾಗಿ ಮಾಡಿಕೊಂಡು, ಅದರ ನಿರಾಕರಣೆಯನ್ನು ಅಂತರೆಗೆ ತಳ್ಳಿದನೆಂದರೆ ಆಗುವುದೇನು? ಶಿವನು ನಾದವನ್ನು ಪ್ರೀತಿಸುವವನೆಂಬ ಮಾತೇ ಮಂಟಪದ ತುಂಬ ಮೊಳಗುತ್ತದೆ. ಸಭಿಕರು ಪರಮಾನಂದದಿಂದ ತಲೆದೂಗುತ್ತಾರೆ. ಯಾವ ಮಾತನ್ನು ಅಲ್ಲಗಳೆಯುವುದಕ್ಕಾಗಿ ವಚನವು ಹುಟ್ಟಿತೋ ಆ ಮಾತನ್ನೇ ವಚನದ ಸಂದೇಶವೆಂದು ಒಯ್ಯುತ್ತಾರೆ. ಸಂಗೀತಗಾರನಿಗೆ ಆ ಮಾತು ಪ್ರಿಯವಾದುದರಿಂದ ಈ ತಪ್ಪು ಅವನಿಗೆ ಕಾಣುವುದೂ ಕಷ್ಟ. ಆ ಮಾತು ಮತ್ತು ಅದರ ನಿರಾಕರಣೆ ಎರಡನ್ನೂ ಒಂದೇ ಉಸಿರಿನಲ್ಲಿ ಹಿಡಿದು, ಸಮ್ಮು ನಿರಾಕರಣೆಯ ಮೇಲೆ ಬೀಳುವಂತೆ ಕೂರಿಸಿದರೆ ದೋಷ ಪರಿಹಾರವಾಗುತ್ತದೆ. ಇದು ಸಂಗೀತದ ದೃಷ್ಟಿಯಿಂದಲೂ ದುಸ್ಸಾಧ್ಯವಲ್ಲ.

ಸಂಗೀತೋತ್ಸವವನ್ನು ಏರ್ಪಡಿಸಿ, ಅದರಲ್ಲಿ ನಾದಕ್ಕೆ ಶಿವನು ಒಲಿಯನೆಂಬ ವಚನವನ್ನು ಹಾಡುವುದು ವಿಪರೀತವಲ್ಲವೆ ಎಂದು ಯಾರಾದರೂ ಕೇಳಬಹುದು. ಇದಕ್ಕೆ ಉತ್ತರವು ಎರಡನೆಯ ವಚನದಲ್ಲಿದೆ.

ತನ್ನ ಶರೀರದ ಒಂದೊಂದು ಅಂಗವೂ ವೀಣೆಯ ಒಂದೊಂದು ಭಾಗವಾಗಲಿ ಎಂದು ಬಸವಣ್ಣನವರು ಬೇಡಿಕೊಳ್ಳುವ ವಚನವು ಪ್ರಸಿದ್ಧವಾದುದು. ಒಡಲು ದಂಡಿಗೆಯಾಗಬೇಕು, ತಲೆಯು ಸೋರೆಯಾಗಬೇಕು, ನರಗಳು ತಂತಿಗಳಾಗಬೇಕು, ಹೀಗೆ ಅಣಿಯಾದ ವಾದ್ಯದಲ್ಲಿ ಮೂವತ್ತೆರಡು ರಾಗಗಳು ಹೊಮ್ಮಬೇಕು, ನುಡಿಸುವವನು ಕೂಡಲಸಂಗಮದೇವನಾಗಬೇಕು. ಈ ವೀಣೆಯನ್ನು ಕಲ್ಪಿಸಿಕೊಳ್ಳುವಾಗ ಇಂದಿನ ಸರಸ್ವತೀ ವೀಣೆಯನ್ನು ಕಣ್ಣ ಮುಂದೆ ತಂದುಕೊಳ್ಳಬಾರದು. ಅದರ ಕೊಡವು ಮರದ್ದು. ಅದು ತೊಡೆಯ ಮೇಲೋ ನೆಲದ ಮೇಲೋ ಅಡ್ಡವಾಗಿ ಕುಳಿತಿರುತ್ತದೆ. ಬಸವಣ್ಣನವರ ಕಾಲದ ದಂಡವೀಣೆಗಳು ಬೇರೆ. ಒಂದು ಕೋಲು, ಅದಕ್ಕೆ ಕಟ್ಟಿದ ಒಣಸೋರೆಯ ಬುರುಡೆ, ಒಂದೆರಡು ತಂತಿ, ಇಷ್ಟೇ. ಇಂತಹ ವಾದ್ಯಗಳಲ್ಲಿ ಕೆಲವನ್ನು ಓರೆಯಾಗಿ ಹಿಡಿದು ಸೋರೆಯ ಬಾಯನ್ನು ವಾದಕನ ಎದೆಗೆ ಒತ್ತಿಕೊಂಡು ನುಡಿಸುವ ಪದ್ಧತಿಯುಂಟು. ಎದೆಗೆ ಬಿಗಿಯಾಗಿ ಒತ್ತಿದರೆ ನಾದವು ಒಂದು ಬಗೆ, ಸಡಿಲಿಸಿದರೆ ಇನ್ನೊಂದು ಬಗೆ. ನಾದಕ್ಕೆ ತುಂಬುತನ ಬರುವುದು ಬುರುಡೆಯಿಂದಷ್ಟೇ ಅಲ್ಲ, ವಾದಕನ ಎದೆಗೂಡಿನಿಂದಲೂ ಹೌದು.

ವಚನದ ಕೊನೆಯಲ್ಲಿ ಎದೆಗೊತ್ತಿಕೊಂಡು ನುಡಿಸು ಎಂಬ ಆಶಯದ ಬೇಡಿಕೆಯೊಂದು ಬರುತ್ತದೆ. ಅದನ್ನು ಕೇವಲ ಅಕ್ಕರೆಯ ಮಾತೆಂದು ಅರ್ಥೈಸುವುದು ರೂಢಿ. ವಾದನಕ್ರಮವನ್ನು ಬಲ್ಲವನಿಗೆ ಅಲ್ಲಿ ಮತ್ತೊಂದು ಅರ್ಥ ಹೊಳೆಯುತ್ತದೆ. ಸೋರೆಯೆಂದರೆ ಭಕ್ತನ ತಲೆ; ಎದೆಯೆಂದರೆ ದೇವನ ಎದೆ. ಭಕ್ತನ ತಲೆಯನ್ನು ದೇವನು ತನ್ನ ಎದೆಗೆ ಒತ್ತಿಕೊಳ್ಳದ ಹೊರತು ಆ ವಾದ್ಯದಲ್ಲಿ ಪೂರ್ಣ ನಾದವೇ ಹೊರಡದು. ಅಕ್ಕರೆಯೂ ವಾದನದ ನಿಯಮವೂ ಇಲ್ಲಿ ಒಂದೇ ಆಗಿವೆ. ರೂಪಕವನ್ನು ಹೆಣೆಯುವುದರಲ್ಲಿ ಬಸವಣ್ಣನವರಿಗಿದ್ದ ಕಣ್ಣು ಕಸುಬುದಾರನ ಕಣ್ಣು ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಈ ಎರಡು ವಚನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ರಾವಣನ ಪ್ರಸಂಗಕ್ಕೆ ಹೊಸ ಅರ್ಥ ಬರುತ್ತದೆ. ಕೈಲಾಸದ ಅಡಿಯಲ್ಲಿ ಸಿಕ್ಕಿಬಿದ್ದ ರಾವಣನು ತನ್ನ ಹತ್ತು ತಲೆಗಳಲ್ಲಿ ಒಂದನ್ನು ಕಿತ್ತು ಬುರುಡೆಯನ್ನಾಗಿಸಿ, ತೋಳನ್ನು ದಂಡವನ್ನಾಗಿಸಿ, ನರಗಳನ್ನು ತಂತಿಯಾಗಿ ಬಿಗಿದು ಸಾಮವನ್ನು ನುಡಿಸಿದನೆಂಬ ಕಥೆ ನಾಡಿನಲ್ಲೆಲ್ಲ ಪ್ರಚಲಿತವಾಗಿದೆ. ಬಸವಣ್ಣನವರು ತಮ್ಮ ಶರೀರದಿಂದ ಮಾಡಬಯಸಿದ ವೀಣೆಯೂ ಅದೇ. ತಲೆ, ನರ, ಒಡಲು, ಎಲ್ಲವೂ ಅವೇ. ವ್ಯತ್ಯಾಸವು ಒಂದೇ ಒಂದು: ರಾವಣನು ತನ್ನ ದೇಹವೀಣೆಯನ್ನು ತಾನೇ ನುಡಿಸಿದನು, ಶಿವನನ್ನು ಶ್ರೋತೃವನ್ನಾಗಿ ಕೂರಿಸಿದನು, ಪ್ರತಿಯಾಗಿ ವರವನ್ನು ಎದುರುನೋಡಿದನು. ಬಸವಣ್ಣನವರು ವಾದ್ಯವನ್ನು ಒಪ್ಪಿಸಿ, ನುಡಿಸುವ ಕೆಲಸವನ್ನು ಶಿವನಿಗೇ ಬಿಟ್ಟುಕೊಟ್ಟರು. ಮೊದಲ ವಚನದಲ್ಲಿ ನಿರಾಕೃತವಾದದ್ದು ನಾದವಲ್ಲ. ನಾದದಿಂದ ಶಿವನನ್ನು ಕೊಳ್ಳಬಹುದೆಂಬ ವ್ಯಾಪಾರ.

ಈ ವಚನವನ್ನು ಹಾಡುವ ಗಾಯಕರಲ್ಲಿ ಕೆಲವರಿಗೆ ಮೂವತ್ತೆರಡು ರಾಗಗಳ ಮಾತು ಬಂದ ಕೂಡಲೇ ರಾಗಮಾಲಿಕೆಯ ಆಸೆ ಹುಟ್ಟುವುದು ಸ್ವಾಭಾವಿಕ. ಯಮನದಿಂದ ಹೊರಟು ಬಾಗೇಶ್ರೀ, ಜೋಗಿಯಾ, ಭೈರವಿಗಳನ್ನು ಮುಟ್ಟಿ ಬಂದರೆ ಚಪ್ಪಾಳೆಗೆ ಕೊರತೆಯಿಲ್ಲ. ಆದರೆ ಚಪ್ಪಾಳೆಯು ಯಾರಿಗೆ ಸಲ್ಲುತ್ತದೆ? ನುಡಿಸುವವನು ಬೇರೆ, ತಾನು ಕೇವಲ ಸೋರೆ-ಕೋಲು ಎಂಬ ವಚನದಲ್ಲಿ ಸೋರೆಯೇ ಮುಂದೆ ಬಂದು ತನ್ನ ಚಮತ್ಕಾರವನ್ನು ತೋರಿಸಿದಂತಾಗುತ್ತದೆ. ಅದು ರಾವಣನ ಮಾರ್ಗ. ಒಂದೇ ರಾಗದಲ್ಲಿ, ವಿಳಂಬವಾದ ಲಯದಲ್ಲಿ ನಿಂತು ಹಾಡಿದರೆ ಈ ವಚನ ಹೆಚ್ಚು ಫಲಿಸುತ್ತದೆ.

ಮೂರನೆಯ ವಚನವು ಇನ್ನೂ ಸ್ವಾರಸ್ಯಕರವಾದುದು. ತನಗೆ ತಾಳದ ಅಳತೆ ಗೊತ್ತಿಲ್ಲ, ವಾದ್ಯಗಳ ಲೆಕ್ಕಾಚಾರ ತಿಳಿಯದು, ಛಂದಸ್ಸಿನ ಗಣಗಳ ಶುಭಾಶುಭವೂ ಅರಿಯದು, ಒಲವು ಬಂದಂತೆ ಹಾಡುತ್ತೇನೆ ಎಂಬುದು ಅದರ ತಾತ್ಪರ್ಯ. ನಡುವೆ, ಹೀಗೆ ಹಾಡಿದರೂ ನಿನಗೇನೂ ಕೇಡಾಗುವುದಿಲ್ಲವಷ್ಟೆ ಎಂಬರ್ಥದ ಮಾತೊಂದಿದೆ. ಸಾಮಾನ್ಯ ಓದುಗರು ಇದನ್ನು ವಿನಯದ ಮಾತೆಂದು ದಾಟಿಬಿಡುತ್ತಾರೆ. ಇದರಲ್ಲಿರುವ ವಿನೋದವು ಕಾಣಬೇಕಾದರೆ ಹಳೆಯ ಛಂದಶ್ಶಾಸ್ತ್ರದ ಒಂದು ನಂಬಿಕೆಯನ್ನು ತಿಳಿದಿರಬೇಕು. ಗಣಗಳಿಗೆ ಅಧಿದೇವತೆಗಳೂ ಫಲಗಳೂ ಉಂಟೆಂದು, ಅಶುಭ ಗಣದಿಂದ ಕಾವ್ಯವನ್ನು ಆರಂಭಿಸಿದರೆ ಕೃತಿಪತಿಗೆ, ಅಂದರೆ ಆಶ್ರಯದಾತನಾದ ಅರಸನಿಗೆ, ಅನಿಷ್ಟವಾಗುವುದೆಂದು ಪಂಡಿತರು ನಂಬಿದ್ದರು. ಆದುದರಿಂದ ಆಸ್ಥಾನಕವಿಯು ಮೊದಲ ಅಕ್ಷರಗಳನ್ನು ಅಳೆದು ತೂಗಿ ಇಡಬೇಕಾಗಿತ್ತು. ಬಸವಣ್ಣನವರ ಕೃತಿಪತಿ ಕೂಡಲಸಂಗಮದೇವ. ಯಾವ ಗಣವೂ ಅವನ ಕೂದಲು ಕೊಂಕಿಸಲಾರದು. ಬಿಜ್ಜಳನ ಭಂಡಾರವನ್ನು ನೋಡಿಕೊಳ್ಳುತ್ತಿದ್ದ, ಆಸ್ಥಾನದ ರೀತಿನೀತಿಗಳನ್ನು ಕಣ್ಣಾರೆ ಕಂಡಿದ್ದ ಪುರುಷನ ನಗು ಇದು. ಅರಿಯೆನೆನ್ನುವವರು ಆ ಶಾಸ್ತ್ರದ ಪರಿಭಾಷೆಯನ್ನು ಚೆನ್ನಾಗಿಯೇ ಅರಿತಿದ್ದರೆಂಬುದನ್ನು ಪರಿಭಾಷೆಯ ಬಳಕೆಯೇ ಹೇಳುತ್ತದೆ.

ತಾಳವನ್ನರಿಯೆನೆಂಬ ಈ ವಚನವನ್ನು ಇಂದು ಅಚ್ಚುಕಟ್ಟಾದ ತಾಳದಲ್ಲಿಯೇ ಹಾಡುವುದು ಕಂಡುಬರುತ್ತದೆ. ತಬಲಾ ಸಾಥಿಯು ತನ್ನ ಕೈಚಳಕವನ್ನು ಇಲ್ಲಿಯೇ ತೋರಿಸಹೊರಟರಂತೂ ನಗಬೇಕೋ ಅಳಬೇಕೋ ತಿಳಿಯದಾಗುತ್ತದೆ. ಹರಿದಾಸರ ಉಗಾಭೋಗಗಳನ್ನು ತಾಳವಿಲ್ಲದೆ, ರಾಗದ ಆಧಾರದ ಮೇಲೆ, ಮಾತಿನ ಸಹಜ ಓಟಕ್ಕೆ ತಕ್ಕಂತೆ ಹಾಡುವ ಪದ್ಧತಿಯಿದೆ. ಉಗಾಭೋಗವು ರಚನೆಯಲ್ಲಿ ವಚನಕ್ಕೆ ಹತ್ತಿರದ ಬಂಧುವೆಂಬುದನ್ನು ವಿದ್ವಾಂಸರು ಗುರುತಿಸಿದ್ದಾರೆ. ಈ ಒಂದು ವಚನವನ್ನಾದರೂ ತಬಲೆಯನ್ನು ಸುಮ್ಮನಿರಿಸಿ, ತಂಬೂರಿಯ ಶ್ರುತಿಯೊಂದರಲ್ಲಿ ಹಾಡಿದರೆ ಮಾತಿಗೂ ಕೃತಿಗೂ ಮೈತ್ರಿಯುಂಟಾಗುತ್ತದೆ.

ಅಕ್ಕಮಹಾದೇವಿಯ ವಚನಗಳ ಸಮಸ್ಯೆ ಬೇರೆ ಬಗೆಯದು. ಅವು ರಾಗಕ್ಕೆ ಒಗ್ಗದೆ ಇರುವುದಿಲ್ಲ, ಬೇಗ ಒಗ್ಗಿಬಿಡುತ್ತವೆ. ವಿರಹ, ಹಂಬಲ, ಸಂಬೋಧನೆಗಳಿಂದ ತುಂಬಿದ ಅವುಗಳನ್ನು ರಿಷಭ, ಗಾಂಧಾರ, ಧೈವತ, ನಿಷಾದ ನಾಲ್ಕೂ ಕೋಮಲವಾಗಿರುವ ಭೈರವಿಯಲ್ಲಿ ಹಾಡಿದರೆ ಕಣ್ಣೀರು ತಾನಾಗಿ ಬರುತ್ತದೆ. ಕಣ್ಣೀರು ಬಂದಿತೆಂದ ಮಾತ್ರಕ್ಕೆ ವಚನವು ತಲುಪಿತೆಂದು ಹೇಳಲಾಗದು. ಮಲ್ಲಿಕಾರ್ಜುನ ಮನಸೂರರ ಗಾಯನದಿಂದ ಮನೆಮಾತಾದ, ಅಕ್ಕನು ತನ್ನ ಒಡನಾಡಿಗೆ ತಾನು ಕಂಡ ಕನಸನ್ನು ಹೇಳುವ ವಚನವನ್ನೇ ನೋಡಬಹುದು. ಕನಸಿನಲ್ಲಿ ಅವಳಿಗೆ ಮೊದಲು ಕಂಡವು ಅಕ್ಕಿ, ಅಡಕೆ, ಓಲೆ, ತೆಂಗಿನಕಾಯಿ. ಇವು ಯಾವುವೋ ನಾಲ್ಕು ವಸ್ತುಗಳಲ್ಲ. ಮದುವೆಯ ಮನೆಯ ಸಾಮಗ್ರಿಗಳು. ಹೇಳುವವಳು ಮದುವೆಯೆಂದು ಹೇಳುವುದಿಲ್ಲ. ಕೇಳುವವಳಿಗೆ ಅದು ತಿಳಿಯುತ್ತದೆ. ಅನಂತರ ಚಿಕ್ಕ ಜಡೆಗಳ, ಚೆಲುವಾದ ಹಲ್ಲಿನ ತಿರುಕನೊಬ್ಬನು ಭಿಕ್ಷೆಗೆ ಬರುತ್ತಾನೆ. ಅವನ ಹೆಸರಿಲ್ಲ. ಹೋಗುತ್ತಿದ್ದ ಅವನನ್ನು ಅವಳೇ ಬೆನ್ನಟ್ಟಿ ಕೈಹಿಡಿಯುತ್ತಾಳೆ. ಪಾಣಿಗ್ರಹಣದಲ್ಲಿ ವರನು ವಧುವಿನ ಕೈಹಿಡಿಯುವುದು ಲೋಕರೂಢಿ. ಇಲ್ಲಿ ಅದು ತಿರುವುಮುರುವಾಗಿದೆ. ಕಟ್ಟಕಡೆಗೆ, ಕನಸು ಒಡೆದು ಕಣ್ಣು ತೆರೆಯುವ ಕ್ಷಣದಲ್ಲಿ ಮಾತ್ರ ಚೆನ್ನಮಲ್ಲಿಕಾರ್ಜುನನೆಂಬ ಹೆಸರು ಬರುತ್ತದೆ.

ಇಲ್ಲಿ ಅಂಕಿತವು ಕವಿಯ ರುಜುವಲ್ಲ. ಅದು ವಾಕ್ಯದ ಕರ್ಮಪದ. ಅದನ್ನು ತೆಗೆದರೆ ಅವಳು ಯಾರನ್ನು ಕಂಡಳೆಂಬುದೇ ಉಳಿಯುವುದಿಲ್ಲ. ವ್ಯಾಕರಣವೂ ಕೆಡುತ್ತದೆ, ಕಥೆಯೂ ಕೆಡುತ್ತದೆ. ಆದರೆ ಸಭೆಗಳಲ್ಲಿ ಆಗುವುದೇನು? ಅಂಕಿತವು ಬರುವ ಹೊತ್ತಿಗೆ ಗಾಯಕನು ಲಯವನ್ನು ಏರಿಸಿ ಮುಕ್ತಾಯದ ಸಿದ್ಧತೆಯಲ್ಲಿರುತ್ತಾನೆ, ಪೇಟಿಯು ಅವನನ್ನು ಹಿಂಬಾಲಿಸುತ್ತದೆ, ತಬಲೆಯಲ್ಲಿ ತಿಹಾಯಿ ಆರಂಭವಾಗಿರುತ್ತದೆ. ಈ ಗದ್ದಲದಲ್ಲಿ ಆ ಹೆಸರು ಅರ್ಧ ನುಂಗಿಹೋಗುತ್ತದೆ. ಕೆಲವರು ಇದಕ್ಕೆ ಪರಿಹಾರವೆಂದು ಅಂಕಿತವನ್ನು ಆರಂಭದ ಆಲಾಪದಲ್ಲಿಯೇ ಕೂಗಿ ಕರೆಯುತ್ತಾರೆ. ಭಕ್ತಿಗೆ ಅದು ಒಪ್ಪಬಹುದು, ಈ ವಚನಕ್ಕೆ ಒಪ್ಪುವುದಿಲ್ಲ. ತಿರುಕನು ಯಾರೆಂಬುದನ್ನು ಬಾಗಿಲಲ್ಲಿಯೇ ಹೇಳಿದ ಮೇಲೆ ಕನಸನ್ನು ಕೇಳುವ ಕುತೂಹಲವೆಲ್ಲಿ?

ಅಂಕಿತಗಳ ಪದವಿಭಾಗವನ್ನು ಕುರಿತೂ ಒಂದು ಮಾತು ಅಗತ್ಯ. ಕೃಷ್ಣಾ-ಮಲಪ್ರಭೆಯರು ಕೂಡುವ ಸಂಗಮದ ದೇವನು ಕೂಡಲಸಂಗಮದೇವನು. ತಾಳದ ಇಕ್ಕಟ್ಟಿಗೆ ಸಿಕ್ಕು ‘ಸಂಗ’ ಎಂದು ಉಸಿರು ನಿಲ್ಲಿಸಿ, ‘ಮದೇವ’ ಎಂದು ಮುಂದಿನ ಆವರ್ತನದಲ್ಲಿ ಎತ್ತಿಕೊಂಡರೆ ಸ್ವರಕ್ಕೆ ಊನವಿಲ್ಲ, ದೇವರಿಗೆ ಹೆಸರಿಲ್ಲದಂತಾಗುತ್ತದೆ. ಆಶ್ರಮದ ವಿದ್ಯಾರ್ಥಿಗಳಲ್ಲಿ ಅನೇಕರು ಕಣ್ಣಿನಿಂದ ಓದಿ ಕಲಿಯುವವರಲ್ಲ, ಗುರುಮುಖದಿಂದ ಕೇಳಿ ಕಲಿಯುವವರು. ಒಡೆದ ಪದವನ್ನು ಕೇಳಿದ ಬಾಲಕನು ಒಡೆದ ಪದವನ್ನೇ ಕಲಿಯುತ್ತಾನೆ, ಮುಂದೆ ತನ್ನ ಶಿಷ್ಯರಿಗೂ ಅದನ್ನೇ ಕೊಡುತ್ತಾನೆ. ಓಲೆಗರಿಯ ಲಿಪಿಕಾರನ ತಪ್ಪು ಪ್ರತಿಯಿಂದ ಪ್ರತಿಗೆ ಇಳಿದು ಬರುವುದನ್ನು ಗ್ರಂಥಸಂಪಾದಕರು ಬಲ್ಲರು. ಕಂಠದ ತಪ್ಪೂ ಹಾಗೆಯೇ ಇಳಿಯುತ್ತದೆ. ಕರ್ನಾಟಕ ಸರ್ಕಾರವು 1993ರಲ್ಲಿ ಸಮಗ್ರ ವಚನ ಸಂಪುಟಗಳನ್ನು ಹದಿನೈದು ಸಂಪುಟಗಳಲ್ಲಿ ಪ್ರಕಟಿಸಿದ ಮೇಲೆ ಪಾಠವನ್ನು ಒರೆಹಚ್ಚಿ ನೋಡುವ ಸೌಕರ್ಯವು ಎಲ್ಲರಿಗೂ ದೊರೆತಿದೆ. ಸಂಗೀತ ಶಾಲೆಗಳು ಅದನ್ನು ಬಳಸಿಕೊಳ್ಳುವುದು ಇನ್ನೂ ಆಗಬೇಕಾದ ಕೆಲಸ.

ಅಲ್ಲಮಪ್ರಭುವಿನ ವಚನಗಳು ಸಭೆಗಳಲ್ಲಿ ವಿರಳ. ಬೆಡಗಿನ ವಚನಗಳ ಅರ್ಥವು ಟೀಕೆಯಿಲ್ಲದೆ ಪಂಡಿತರಿಗೂ ಎಟುಕುವುದು ಕಷ್ಟವಾದುದರಿಂದ ಗಾಯಕರು ಹಿಂಜರಿಯುವುದನ್ನು ಆಕ್ಷೇಪಿಸಲಾಗದು. ಗುಹೇಶ್ವರನ ನಿಲುವು ಹಾಡಿಗೆ ಸುಲಭವಾಗಿ ಒಲಿಯುವಂತಹುದೂ ಅಲ್ಲ.

ವಚನಗಳೊಡನೆ ಇದೇ ಸಭೆಗಳಲ್ಲಿ ಕೇಳಿಬರುವ ಕೈವಲ್ಯ ಸಾಹಿತ್ಯವನ್ನು ಪ್ರತ್ಯೇಕವಾಗಿ ಗುರುತಿಸಬೇಕು. ನಿಜಗುಣ ಶಿವಯೋಗಿಗಳ ‘ಕೈವಲ್ಯಪದ್ಧತಿ’, ಮುಪ್ಪಿನ ಷಡಕ್ಷರಿಯ ‘ಸುಬೋಧಸಾರ’, ಸರ್ಪಭೂಷಣ ಶಿವಯೋಗಿಗಳ ‘ಕೈವಲ್ಯ ಕಲ್ಪವಲ್ಲರಿ’, ಬಾಲಲೀಲಾ ಮಹಾಂತ ಶಿವಯೋಗಿಗಳ ‘ಕೈವಲ್ಯ ದರ್ಪಣ’ಗಳಲ್ಲಿಯ ಪದಗಳು ಹಾಡುವುದಕ್ಕಾಗಿಯೇ ಹುಟ್ಟಿದವು. ಅವಕ್ಕೆ ಪಲ್ಲವಿಯುಂಟು, ನುಡಿಗಳುಂಟು, ಪ್ರಾಸವುಂಟು. ನಿಜಗುಣರು ತಮ್ಮ ‘ವಿವೇಕಚಿಂತಾಮಣಿ’ಯಲ್ಲಿ ಸಂಗೀತಶಾಸ್ತ್ರವನ್ನೂ ವಿವರಿಸಿದವರು. ಶರಣರ ಹೆಸರಿನಲ್ಲಿ ದೊರೆಯುವ ಸ್ವರವಚನಗಳೂ ಈ ಜಾತಿಗೆ ಸೇರಿದವೇ. ಪಲ್ಲವಿಯು ಮರಳಿ ಮರಳಿ ಬಂದರೆ ಇವುಗಳ ಅರ್ಥವು ಗಟ್ಟಿಯಾಗುತ್ತದೆಯೇ ಹೊರತು ಕೆಡುವುದಿಲ್ಲ, ಏಕೆಂದರೆ ಕವಿಯೇ ಅದನ್ನು ಮರಳುವುದಕ್ಕಾಗಿ ರಚಿಸಿದ್ದಾನೆ. ವಚನವನ್ನೂ ಕೈವಲ್ಯಪದವನ್ನೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ಯುವುದರಿಂದಲೇ ಮೇಲೆ ಹೇಳಿದ ತೊಡಕುಗಳು ಬಹುಮಟ್ಟಿಗೆ ಹುಟ್ಟುತ್ತವೆ.

ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಜನಿಸಿದ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠರು (1924–1992) ಕುಮಾರ ಗಂಧರ್ವರೆಂದು ಪ್ರಸಿದ್ಧರಾಗಿ, ಮಧ್ಯಪ್ರದೇಶದ ದೇವಾಸದಲ್ಲಿ ನೆಲೆಸಿ, ಕಬೀರನ ನಿರ್ಗುಣ ಪದಗಳನ್ನು ಹಾಡಿದುದನ್ನು ಇಲ್ಲಿ ಸ್ಮರಿಸುವುದು ಅಪ್ರಸ್ತುತವಾಗದು. ಮಾತಿನ ಅರ್ಥವು ಸ್ವರದ ದಿಕ್ಕನ್ನು ನಿರ್ಣಯಿಸಬೇಕೆಂಬ ಎಚ್ಚರವನ್ನು ಅವರಲ್ಲಿ ಕಂಡಷ್ಟು ಇತರರಲ್ಲಿ ಕಾಣುವುದು ಕಷ್ಟ. ನಮ್ಮ ಮಠದ ಹೆಸರನ್ನು ಹೊತ್ತ ಮನೆತನದವರು ಕಬೀರನಿಗೆ ಸಲ್ಲಿಸಿದ ಸೇವೆಯನ್ನು ಕಂಡು, ಅಲ್ಲಮನಿಗೂ ಅಂತಹುದೊಂದು ಕಂಠವು ದೊರೆತಿದ್ದರೆ ಎಂದು ಹಂಬಲಿಸುವವರಿದ್ದಾರೆ.

ಉತ್ಸವಗಳನ್ನು ಏರ್ಪಡಿಸುವವರು ಕೈಗೊಳ್ಳಬಹುದಾದ ಕ್ರಮವೊಂದು ಬಹಳ ಸರಳವಾದುದು. ಹಾಡಲಿರುವ ವಚನವನ್ನು ಗಾಯನಕ್ಕೆ ಮುಂಚೆ ಒಬ್ಬರು ಸ್ಫುಟವಾಗಿ, ಅಂಕಿತಸಹಿತ, ಆದ್ಯಂತವಾಗಿ ಓದುವುದು. ಅರ್ಥವನ್ನು ವಿವರಿಸುವ ಭಾಷಣ ಬೇಡ. ಸಂಗೀತಕ್ಕೆ ಬಂದವರ ಸಹನೆಗೂ ಮಿತಿಯಿದೆ. ಓದು ಒಂದೆರಡು ನಿಮಿಷದ್ದು. ಅಷ್ಟಾದರೆ ಸ್ಥಾಯಿಯ ಮುಖವು ಎಷ್ಟು ಸಲ ಮರಳಿದರೂ ಅದು ಯಾವ ಮಾತಿನ ತುಣುಕು, ಮುಂದೆ ಎಲ್ಲಿಗೆ ಹೋಗಬೇಕಾದದ್ದು ಎಂಬ ಅರಿವು ಕೇಳುವವರಲ್ಲಿ ಉಳಿಯುತ್ತದೆ. ವಚನಗಳನ್ನು ಸಭೆಯ ತುದಿಗ ಭೈರವಿಯ ಪಾಲಿಗೇ ಬಿಡದೆ ನಡುವಿಗೆ ತರುವುದೂ ಯೋಗ್ಯ. ಭೈರವಿಯ ನಂತರ ಬೇರೆ ರಾಗವನ್ನು ಹಾಡುವ ರೂಢಿಯಿಲ್ಲ. ಆದುದರಿಂದ ಅದು ಆರಂಭವಾಯಿತೆಂದರೆ ದೂರದೂರಿಗೆ ಹೋಗಬೇಕಾದವರು ಚಾಪೆ ಸುತ್ತತೊಡಗುತ್ತಾರೆ, ಅಂಕಿತವು ಬರುವ ಹೊತ್ತಿಗೆ ಅರ್ಧ ಸಭೆಯು ಬಾಗಿಲಲ್ಲಿ ಪಾದರಕ್ಷೆಗಳನ್ನು ಹುಡುಕುತ್ತಿರುತ್ತದೆ.